ಮೀನಿಗೆ ದಿನಕ್ಕೊಂದೇ ಚಿಟಿಕೆ

ಈ ಸಲ ಒಂದೇ ಒಂದು ಮೀನು ಸತ್ತರೂ ಹೆಸರು ಬದಲಾಯಿಸಿಕೊಳ್ಳುತ್ತೇನೆಂದು ಫವ್ವಾಜ್ ಮನೆಮಂದಿಯ ಮುಂದೆ ಎದೆ ತಟ್ಟಿ ಘೋಷಿಸಿದ. ಅಕಬಾ ಬಂದರಿನಲ್ಲಿ ಇಪ್ಪತ್ತೆರಡು ವರ್ಷ ಹಡಗುಗಳನ್ನು ದಡ ಮುಟ್ಟಿಸಿದ ಮಹಾನುಭಾವ ಅವನು. ಬೆಟ್ಟದಂಥ ಹಡಗುಗಳು ಅವನು ಹೇಳಿದ ಕಡೆ ತೆಪ್ಪಗೆ ನಿಲ್ಲುತ್ತಿದ್ದವು. ಆದರೆ ಪಡಸಾಲೆಯ ಗಾಜಿನ ತೊಟ್ಟಿಯಲ್ಲಿದ್ದ ಹೆಬ್ಬೆರಳುದ್ದದ ಮೀನುಗಳು ಮಾತ್ರ ಅವನಿಗೆ ಕವಡೆಕಾಸಿನ ಕಿಮ್ಮತ್ತು ಕೊಡದೆ, ಒಂದೇ ವರ್ಷದಲ್ಲಿ ಎರಡು ತಂಡಗಳಾಗಿ ಪರಲೋಕಕ್ಕೆ ಹೋಗಿದ್ದವು.

"ಅಬೂ ಲೈತ್," ಎಂದು ಹೆಂಡತಿ ಹೈಫಾ ಹಿರಿಮಗನ ಹೆಸರು ಸೇರಿಸಿ ಕರೆದಳು. ಹಾಗೆ ನಿಧಾನವಾಗಿ ಕರೆದಳೆಂದರೆ ಷರತ್ತು ಬರುತ್ತದೆಂದೇ ಲೆಕ್ಕ. "ಇದು ಮೂರನೇ ತಂಡ. ಇವೂ ಹೋದ್ರೆ ತೊಟ್ಟೀನೂ ಹೋಗುತ್ತೆ. ಆ ಜಾಗಕ್ಕೆ ನನ್ನ ಪಿಂಗಾಣಿ ಕಪಾಟು ಬರುತ್ತೆ. ನನ್ನ ತವರಿನ ತಟ್ಟೆಗಳು ಮಂಚದ ಕೆಳಗೆ ಧೂಳು ತಿಂತಾ ಬಿದ್ದಿವೆ."

"ಬರೆದಿಟ್ಕೋ. ಆ ತಟ್ಟೆಗಳು ಮಂಚದ ಕೆಳಗೇ ಮುದಿಯಾಗ್ತವೆ."

ಅಷ್ಟು ಧೈರ್ಯಕ್ಕೆ ಕಾರಣವಿತ್ತು. ಮೀನಿನ ಅಂಗಡಿಯ ಗತ್ತಾಸ್ ಅವನಿಗೆ ಗುಟ್ಟು ಹೇಳಿದ್ದ. "ದಿನಕ್ಕೆ ಒಂದೇ ಸಲ, ಒಂದೇ ಚಿಟಿಕೆ. ಎರಡು ನಿಮಿಷದಲ್ಲಿ ತಿಂದು ಮುಗಿಸಬೇಕು. ಉಳಿದದ್ದು ತಳದಲ್ಲಿ ಕೊಳೆತು ನೀರೆಲ್ಲ ವಿಷ ಆಗುತ್ತೆ. ನಿಮ್ಮ ಮೀನು ಹಸಿದು ಸತ್ತಿದ್ದಲ್ಲ ಮಾರಾಯ್ರೇ, ಉಪಚಾರ ತಡೆಯಲಾರದೆ ಸತ್ತಿದ್ದು."

ಫವ್ವಾಜ್ ಮೀನಿನ ಆಹಾರದ ಡಬ್ಬಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ, ಕೀಲಿಯನ್ನು ದಾರಕ್ಕೆ ಕಟ್ಟಿ ಕೊರಳಿಗೆ ಹಾಕಿಕೊಂಡ. ದಿನಾ ಇಳಿಹೊತ್ತಿನ ಅಸರ್ ನಮಾಜು ಮುಗಿಸಿ ಬಂದು, ಖಜಾನೆ ತೆರೆಯುವ ಗತ್ತಿನಲ್ಲಿ ಬೀಗ ತೆಗೆದು, ಒಂದು ಚಿಟಿಕೆ ಉದುರಿಸುತ್ತಿದ್ದ. ಕಿತ್ತಳೆ ಬಣ್ಣದ ಎರಡು ಪಟ್ಟೆಮೀನು, ಒಂದು ಹಳದಿ ಮೀನು, ಮೂರೂ ಒಂದೂವರೆ ನಿಮಿಷದಲ್ಲಿ ಊಟ ಮುಗಿಸುತ್ತಿದ್ದವು.

ಐದನೇ ದಿನ ನೀರು ಹಾಲಿನಂತಾಯಿತು. ಹಳದಿ ಮೀನು ಒಂದು ಮಗ್ಗುಲಿಗೆ ವಾಲಿಕೊಂಡು ಈಜತೊಡಗಿತು. ಹೈಫಾ ಅಳತೆ ಟೇಪು ತಂದು ತೊಟ್ಟಿಯ ಅಗಲ ಅಳೆದಳು.

ಮಾರನೆಯ ದಿನ ಅವನು ಹೇಳದೆ ಕೇಳದೆ ಬೆಳಿಗ್ಗೆ ಹನ್ನೊಂದಕ್ಕೇ ಮನೆಗೆ ಬಂದು ಪರದೆಯ ಹಿಂದೆ ಅಡಗಿ ಕುಳಿತ. ಮೊದಲು ಬಂದವಳು ಅವನ ತಾಯಿ ಹಜ್ಜಾ ತುರ್ಫಾ. ತಟ್ಟೆಯಲ್ಲಿದ್ದ ನಿನ್ನೆಯ ಮಾಂಸದೂಟ ಮನ್ಸಫ್‌ನಿಂದ ಒಂದು ಹಿಡಿ ಅನ್ನ ತೆಗೆದು, ಬಿಸ್ಮಿಲ್ಲಾ ಹೇಳಿ, ತೊಟ್ಟಿಗೆ ಹಾಕಿದಳು. ಹಿಂದೆಯೇ ಕಾಫಿಗೆ ಬಂದಿದ್ದ ಪಕ್ಕದ ಮನೆಯ ಉಮ್ಮ್ ಬದರ್ ಬಿಸ್ಕತ್ತಿನ ಮೇಲಿನ ಎಳ್ಳು ಉದುರಿಸಿದಳು. ಕೊನೆಗೆ, ತೊಟ್ಟಿ ತೊಲಗಿದರೆ ಸಾಕೆನ್ನುತ್ತಿದ್ದ ಹೈಫಾಳೇ ರೊಟ್ಟಿಯ ಚೂರು ಹಿಡಿದು ಬಂದಳು.

ಫವ್ವಾಜ್ ಪರದೆ ಸರಿಸಿ ಎದ್ದು ನಿಂತ. "ನೀನೂನಾ?"

"ಬಾಯಿ ಬಿಡ್ತಾ ಇತ್ತು, ಪಾಪ," ಎಂದಳು ಹೈಫಾ. "ಕಪಾಟಿನ ಮಾತು ಬೇರೆ, ಹೊಟ್ಟೆ ಮಾತು ಬೇರೆ."

"ನೀವೆಲ್ಲ ಕೊಲೆಗಡುಕರು," ಎಂದು ಅವನು ಕೂಗಾಡಿದ. ಉಮ್ಮ್ ಬದರ್ ಚೀಲ ಎತ್ತಿಕೊಂಡು ಮುಖ ಊದಿಸಿಕೊಂಡು ಹೊರಟುಹೋದಳು. ಹಜ್ಜಾ ತುರ್ಫಾ ಮಾತ್ರ ಕದಲಲಿಲ್ಲ.

"ಸಮುದ್ರ ಬಿಟ್ಟು ನಮ್ಮ ಮನೆಗೆ ಬಂದಿದಾವೆ. ಅತಿಥಿಗಳು ಹೌದೋ ಅಲ್ವೋ?" ಎಂದಳು. "ನಿನ್ನ ಅಜ್ಜನ ಡೇರೆಯಲ್ಲಿ ಅತಿಥಿ ಖಾಲಿ ಬಟ್ಟಲು ಅಲ್ಲಾಡಿಸಿ ಸಾಕು ಅನ್ನೋ ತನಕ ಕಾಫಿ ಬಗ್ಗಿಸ್ತಾನೇ ಇರ್ತಿದ್ರು. ಇವು ಅಲ್ಲಾಡಿಸಿದಾವಾ?"

"ಅವಕ್ಕೆ ಕೈಯೇ ಇಲ್ಲವಲ್ಲಮ್ಮಾ."

"ಅದಕ್ಕೇ ಕಣೋ, ನಾವಾಗಿ ನಿಲ್ಲಿಸೋ ಹಾಗಿಲ್ಲ."

ಫವ್ವಾಜ್ ಸಮುದ್ರದಂಡೆಗೆ ಹೋಗಿ ಹನ್ನೆರಡು ಕ್ಯಾನು ನೀರು ತುಂಬಿಸಿ, ನಾಲ್ಕು ಮಹಡಿ ಹೊತ್ತು ತಂದು, ತೊಟ್ಟಿಯ ನೀರು ಬದಲಾಯಿಸಿದ. ಸೊಂಟ ಹಿಡಿದುಕೊಂಡಿತು. ಹಾಸಿಗೆಯಲ್ಲಿ ಬೋರಲಾಗಿ ಮಲಗಿದ್ದಾಗ ಮಆನ್ ಊರಿನಿಂದ ಅವನ ಚಿಕ್ಕಪ್ಪ ಶೇಖ್ ಮಿಸ್ಫರ್ ಅವರ ಫೋನು ಬಂತು. ಉಮ್ಮ್ ಬದರ್ ಬಿಟ್ಟ ಸುದ್ದಿ ಮರಳುಗಾಡು ದಾಟಿ ಅಲ್ಲಿಗೂ ಮುಟ್ಟಿತ್ತು.

"ನಮ್ಮ ವಂಶದವನ ಮನೇಲಿ ಅತಿಥಿಗಳು ಉಪವಾಸ ಬಿದ್ದಿದಾರಂತೆ?"

"ಮೀನು ಚಿಕ್ಕಪ್ಪ, ಮೀನು."

"ಯಾರಾದ್ರೇನು? ಶುಕ್ರವಾರ ಒಂಬತ್ತು ಜನ ಬರ್ತಿದೀವಿ. ಕಣ್ಣಾರೆ ನೋಡ್ತೀವಿ."

ಈಗ ತೊಟ್ಟಿಯ ಜೊತೆ ಮಾನವೂ ಹೋಗುವ ಕಾಲ ಬಂತಲ್ಲ ಎಂದು ಫವ್ವಾಜ್ ಕಂಗಾಲಾದ. ಊಟ ಹಾಕಿದರೆ ಮೀನು ಸಾಯುತ್ತದೆ, ಹಾಕದಿದ್ದರೆ ವಂಶದ ಹೆಸರು ಸಾಯುತ್ತದೆ. ಬೋರಲಾಗಿಯೇ ಎರಡು ಗಂಟೆ ಯೋಚಿಸಿದ. ಆಮೇಲೆ ಸೊಂಟ ಹಿಡಿದುಕೊಂಡೇ ಎದ್ದು, ಅಡಿಗೆಮನೆಯಿಂದ ಒಂದು ಕಾಫಿ ಬಟ್ಟಲು ತಂದು, ಮತ್ತೆ ಅನ್ನದ ತಟ್ಟೆ ಹಿಡಿದು ತೊಟ್ಟಿಯ ಕಡೆ ಹೊರಟಿದ್ದ ತಾಯಿಯ ಮುಂದೆ ನಿಂತ.

"ಅಮ್ಮಾ, ನಿಕಾಹ್‌ನಲ್ಲಿ ಹೆಣ್ಣಿನ ಪರವಾಗಿ ಮಾತಾಡೋಕೆ ಒಬ್ಬ ವಕೀಲ ಇರ್ತಾನೆ, ಹೌದಾ?"

"ಹೌದು."

"ಈ ಮೀನುಗಳಿಗೆ ನಾನು ವಕೀಲ." ಅವನು ಒಂದು ಚಿಟಿಕೆ ಆಹಾರ ಉದುರಿಸಿ, ಗಡಿಯಾರ ನೋಡುತ್ತಾ ಎರಡು ನಿಮಿಷ ಕಾದು, ತೊಟ್ಟಿಯ ಮುಂದೆ ಬಟ್ಟಲನ್ನು ಮೂರು ಸಲ ಅಲ್ಲಾಡಿಸಿದ. "ಅತಿಥಿಗಳಿಗೆ ಸಾಕಾಯ್ತು. ಇನ್ಮೇಲೂ ಬಗ್ಗಿಸಿದ್ರೆ ಅವಮಾನ ಮಾಡಿದ ಹಾಗೆ."

ಹಜ್ಜಾ ತುರ್ಫಾ ಆ ವಾದವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. ಎಲ್ಲಿಯೂ ತಪ್ಪು ಸಿಗಲಿಲ್ಲ. ಕೈಯಲ್ಲಿದ್ದ ಅನ್ನವನ್ನು ತಟ್ಟೆಗೆ ವಾಪಸು ಹಾಕಿದಳು. ಅಂದಿನಿಂದ ಯಾರು ತಿಂಡಿ ಹಿಡಿದು ತೊಟ್ಟಿಯ ಹತ್ತಿರ ಸುಳಿದರೂ "ಬಟ್ಟಲು ಅಲ್ಲಾಡಿಸಿ ಆಗಿದೆ" ಎಂದು ಅವಳೇ ಕೋಲು ಹಿಡಿದು ಅಟ್ಟತೊಡಗಿದಳು.

ಶುಕ್ರವಾರದ ಹೊತ್ತಿಗೆ ನೀರು ತಿಳಿಯಾಗಿ ಹೊಳೆಯುತ್ತಿತ್ತು. ಹಳದಿ ಮೀನು ನೆಟ್ಟಗೆ, ಮದುಮಗನ ಹಾಗೆ ಮೆರೆಯುತ್ತಿತ್ತು. ಒಂಬತ್ತು ಜನರೂ ಅರ್ಧಚಂದ್ರಾಕಾರವಾಗಿ ಕುಳಿತು ನೋಡುತ್ತಿರುವಾಗ ಫವ್ವಾಜ್ ಚಿಟಿಕೆ ಹಾಕಿದ, ಬಟ್ಟಲು ಅಲ್ಲಾಡಿಸಿದ. ಶೇಖ್ ಮಿಸ್ಫರ್ ಗಡ್ಡ ನೀವಿಕೊಂಡರು. "ಮೀನಿಗೂ ಮರ್ಯಾದೆ ಕಲಿಸಿದ ಮನೆ ಇದು. ನಮ್ಮ ರಕ್ತ ಕಣಯ್ಯಾ ನೀನು."

ಹೈಫಾ ಕೂಡ ಸೋಲೊಪ್ಪಿದಳು. "ತೊಟ್ಟಿ ಇರಲಿ ಅಬೂ ಲೈತ್. ನೀವೇ ಗೆದ್ರಿ."

ಆಹಾ, ಆ ಮಾತು ಕೇಳಲು ಫವ್ವಾಜ್ ಒಂದು ವರ್ಷ ಕಾದಿದ್ದ. ಆ ಸಂಭ್ರಮದಲ್ಲೇ ಕುನಾಫಾ ಸಿಹಿಯ ಒಂದು ದೊಡ್ಡ ತುಂಡು ಮುಗಿಸಿ, ಬೆರಳಿಗಂಟಿದ ಪಾಕ ನೆಕ್ಕಿಕೊಂಡು, ಎರಡನೆಯದಕ್ಕೆ ತಟ್ಟೆ ಚಾಚಿದ. ಮೊನ್ನೆ ಹೈಫಾಳ ಎದುರೇ ಡಾಕ್ಟರು ಸಕ್ಕರೆ ಕಾಯಿಲೆ ಶುರುವಾಗಿದೆ, ಸಿಹಿ ಮುಟ್ಟಬೇಡಿ ಎಂದಿದ್ದರು. ಅದನ್ನು ಯಾರಿಗೂ ನೆನಪಿಸುವ ಗೋಜಿಗೆ ಅವನು ಹೋಗಿರಲಿಲ್ಲ.

ಹೈಫಾ ಎದ್ದು ಬಂದು, ಅವನ ಮುಂದಿದ್ದ ಕಾಫಿ ಬಟ್ಟಲನ್ನು ತೆಗೆದುಕೊಂಡು, ಒಂಬತ್ತು ಜನರ ಎದುರಿಗೆ ಮೂರು ಸಲ ಅಲ್ಲಾಡಿಸಿದಳು.

"ಇದೇನಿದು?" ಎಂದ ಫವ್ವಾಜ್.

"ಇವರಿಗೆ ನಾನು ವಕೀಲೆ," ಎಂದು ಹೈಫಾ ಶೇಖರಿಗೆ ವಿವರಿಸಿದಳು.

"ನನಗೆ ಕೈ ಇದೆಯಲ್ಲೇ!"

"ಇದೆ. ತಟ್ಟೆ ಚಾಚೋಕೆ ಮಾತ್ರ ಬರುತ್ತೆ, ನಿಲ್ಲಿಸೋಕೆ ಬರಲ್ಲ."

ಫವ್ವಾಜ್ ತಾಯಿಯ ಕಡೆ ನೋಡಿದ. ಹುಟ್ಟಿದಂದಿನಿಂದ ಅವನ ತಟ್ಟೆ ಖಾಲಿಯಾಗಲು ಬಿಡದವಳು ಅವಳು. ಹಜ್ಜಾ ತುರ್ಫಾ ಅವನ ಕೈಯಿಂದ ತಟ್ಟೆ ಕಿತ್ತುಕೊಂಡು, ಎರಡನೆಯ ತುಂಡನ್ನು ಅದರಲ್ಲಿ ಹಾಕಿ ಚಿಕ್ಕಪ್ಪನ ಮುಂದಿಟ್ಟಳು.

"ಇನ್ನು ನಾಳೆ ಕಣೋ ಮಗನೇ," ಎಂದಳು. "ಅಸರ್ ಆದ ಮೇಲೆ. ಒಂದು ಚಿಟಿಕೆ."