ಅತ್ತೆಯ ಸಂಚಿಯಲ್ಲಿ ಹೋದ ಇಂಟರ್ನೆಟ್ಟು

ರೈಲು ಹತ್ತುವ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಹತ್ತೊಂಬತ್ತು ವರ್ಷದಿಂದ ದಿನಾ ಮಾಲೂರಿನಿಂದ ಬೆಂಗಳೂರಿಗೆ ರೈಲಿನಲ್ಲಿ ಹೋಗಿ ಬರುತ್ತಿದ್ದೇನೆ. ಗಾರ್ಮೆಂಟ್ಸ್‌ನಲ್ಲಿ ಸೂಪರ್‌ವೈಸರ್ ಕೆಲಸ. ಬಂಗಾರಪೇಟೆಯಿಂದಲೇ ತುಂಬಿಕೊಂಡು ಬರುವ ಮಹಿಳಾ ಬೋಗಿಯಲ್ಲಿ, ರೈಲು ಇನ್ನೂ ನಿಲ್ಲುವ ಮೊದಲೇ ಕಿಟಕಿಯಿಂದ ಕರ್ಚೀಫು ಎಸೆದು ಸೀಟು ಹಿಡಿಯುವುದರಲ್ಲಿ ನನ್ನನ್ನು ಮೀರಿಸಿದವರು ನಮ್ಮ ಪ್ಲಾಟ್‌ಫಾರಮ್ಮಿನಲ್ಲಿ ಇನ್ನೂ ಹುಟ್ಟಿಲ್ಲ. ಇಂಥ ನಾನು ಜಪಾನಿನ ಒಸಾಕಾಗೆ ಹೋಗಿ, ರೈಲು ಹತ್ತುವ ಜಾಗದಲ್ಲೇ ನಮ್ಮ ಅತ್ತೆಯನ್ನು ಕಳೆದುಕೊಂಡೆ ಎಂದರೆ ಯಾರು ನಂಬುತ್ತಾರೆ? ಮಾಲೂರಿನಲ್ಲಂತೂ ಯಾರೂ ನಂಬಲಿಲ್ಲ. "ಬೇಕಂತ್ಲೇ ಬಿಟ್ಟಿರ್ತಾಳೆ ಬಿಡ್ರೀ" ಅಂದರು!

ನಮ್ಮ ಯಜಮಾನರು ಮಾಲೂರಿನ ಹತ್ತಿರ ಒಂದು ಜಪಾನಿ ಫ್ಯಾಕ್ಟರಿಯಲ್ಲಿ ಫಿಟ್ಟರ್. ಕಂಪನಿಯವರು ಅವರನ್ನು ಆರು ತಿಂಗಳ ತರಬೇತಿಗೆಂದು ಒಸಾಕಾಗೆ ಕಳಿಸಿದ್ದರು. ಮನೆಯವರು ಬಂದು ಎಂಟು ದಿನ ಇದ್ದು ಹೋಗಬಹುದು ಎಂದು ಹೇಳಿದ್ದೇ ತಡ, ನಾನು ಹೊರಟೆ. ಅತ್ತೆಯೂ ಹೊರಟರು. ಅವರ ತವರು ಮುಳಬಾಗಿಲು ತಾಲ್ಲೂಕಿನ ತಾಯಲೂರು. ವಯಸ್ಸು ಅರವತ್ತೆಂಟು. ಬಿ.ಪಿ. ಇದೆ, ಎಲೆಅಡಿಕೆ ಇದೆ, ಭಯ ಮಾತ್ರ ಇಲ್ಲ. ಕನ್ನಡ ಬರದವರ ಹತ್ತಿರ ತೆಲುಗಿನಲ್ಲಿ ಮಾತಾಡಿದರೆ ಪ್ರಪಂಚ ಪೂರ್ತಿ ಸುತ್ತಿ ಬರಬಹುದು ಎಂಬುದು ಅವರ ದೃಢವಾದ ನಂಬಿಕೆ.

ವಿಮಾನ ಇಳಿದ ಕೂಡಲೇ ಯಜಮಾನರು ಸೋಪಿನ ಡಬ್ಬಿಯಷ್ಟಿರುವ ಒಂದು ಕರಿ ಪೆಟ್ಟಿಗೆಯನ್ನು ನನ್ನ ಕೈಗಿಟ್ಟರು.

"ಇದು ಪಾಕೆಟ್ ವೈಫೈ ಕಣೇ. ಇದು ಹತ್ರ ಇದ್ರೆ ಫೋನಲ್ಲಿ ಇಂಟರ್ನೆಟ್ಟು. ದಾರಿ ನೋಡೋದು, ಜಪಾನಿಯೋರ ಹತ್ರ ಮಾತಾಡೋದು, ಎಲ್ಲಾ ಇದರಿಂದ್ಲೇ. ಹತ್ತು ಹೆಜ್ಜೆ ದೂರ ಹೋದ್ಯೋ, ಫೋನು ಬರೀ ಟಾರ್ಚು! ಡ್ಯೂಟೀಲಿ ನನ್ನ ಫೋನು ಲಾಕರಲ್ಲಿ ಇಡಿಸ್ತಾರೆ. ಸಾಯಂಕಾಲ ಆರರವರ್ಗೂ ನಾನು ಸಿಗಲ್ಲ. ನಿನ್ನ ಸಿಮ್ಮಿಗೆ ರೋಮಿಂಗ್ ಹಾಕಿಸ್ಕೊಂಡ್ಯಾ?"

"ಯಾಕ್ರೀ? ಪೆಟ್ಟಿಗೆ ಇದೆಯಲ್ಲಾ!" ಅಂದೆ. ಎಷ್ಟು ಧೈರ್ಯ ನೋಡಿ ನನಗೆ!

ಆ ಪೆಟ್ಟಿಗೆಗೆ ದಿನಕ್ಕೆ ಇಷ್ಟೇ ಡೇಟಾ ಎಂದು ಒಂದು ಮಿತಿ ಇತ್ತು. ಮೊದಲ ದಿನವೇ ಅತ್ತೆ ತಾಯಲೂರಿನ ತಂಗಿ ರತ್ನಮ್ಮನಿಗೆ ವಿಡಿಯೋ ಕಾಲ್ ಮಾಡಿದರು. ನಮ್ಮ ರೂಮಿನ ಕಕ್ಕಸಿನ ಸೀಟು ಕೂತರೆ ತಾನಾಗಿಯೇ ಬೆಚ್ಚಗಾಗುತ್ತಿತ್ತು. ಅದನ್ನು ಮೇಲಿಂದ, ಕೆಳಗಿಂದ, ಪಕ್ಕದಿಂದ ಒಂದೂವರೆ ಗಂಟೆ ತೋರಿಸಿದರು! ಆ ದಿನದ ಪಾಲು ಬೆಳಿಗ್ಗೆ ಹನ್ನೊಂದಕ್ಕೇ ಮುಗಿದುಹೋಯಿತು. ಆಮೇಲೆ ಮ್ಯಾಪು ಅಲ್ಲಾಡಲಿಲ್ಲ, ನಾವು ದಾರಿ ತಪ್ಪಿ ಮೂರು ಗಂಟೆಯವರೆಗೆ ಊಟವಿಲ್ಲದೆ ತಿರುಗಿದೆವು.

ಆ ರಾತ್ರಿ ಅತ್ತೆಯ ಫೋನಿನಿಂದ ಸದ್ದಿಲ್ಲದೆ ವೈಫೈ ತೆಗೆದುಹಾಕಿದೆ. ಬೆಳಿಗ್ಗೆ ಅವರು ಕೇಳಿದಾಗ ಮುಖ ಗಂಭೀರ ಮಾಡಿಕೊಂಡು ಹೇಳಿದೆ:

"ಜಪಾನಲ್ಲಿ ಒಂದು ಪೆಟ್ಟಿಗೆಗೆ ಒಂದೇ ಫೋನಂತೆ ಅತ್ತೆ. ಸರ್ಕಾರದ ರೂಲ್ಸು."

"ಹಂಗಾ? ಆಗ್ಲಿ ಬಿಡು. ಸರ್ಕಾರ ಅಂದ್ಮೇಲೆ ಏನ್ ಮಾಡಕ್ಕಾಗುತ್ತೆ" ಅಂದರು. ಜಗಳಕ್ಕೆ ತಯಾರಾಗಿದ್ದ ನನಗೆ ಸ್ವಲ್ಪ ಪಿಚ್ಚೆನಿಸಿತು. ಸ್ವಲ್ಪವೇ!

ಇನ್ನು ಪೆಟ್ಟಿಗೆಯನ್ನು ಇಡುವುದೆಲ್ಲಿ? ರೈಲಿನ ನೂಕುನುಗ್ಗಲಿನಲ್ಲಿ ಎರಡು ಪರ್ಸು ಕಳೆದುಕೊಂಡ ಅನುಭವ ನನ್ನದು. ನನಗೆ ತಿಳಿದ ಮಟ್ಟಿಗೆ ಭೂಮಿಯ ಮೇಲೆ ಕಳ್ಳರ ಕೈಗೆ ಸಿಗದ ಜಾಗ ಒಂದೇ. ಅದು ಅತ್ತೆ ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಎಲೆಅಡಿಕೆಯ ಸಂಚಿ. ಪೆಟ್ಟಿಗೆ ಅಲ್ಲಿಗೆ ಹೋಯಿತು. ಅದು ಬಿಸಿಯಾಗುತ್ತಿದ್ದರಿಂದ ಅತ್ತೆಗೂ ಖುಷಿ. "ಸೊಂಟಕ್ಕೆ ಶಾಖ ಕೊಟ್ಟಂಗೆ ಇದೆ ಕಣೇ" ಅಂದರು. ಹೀಗೆ ಇಂಟರ್ನೆಟ್ಟು ಅತ್ತೆಯ ಹತ್ತಿರ, ಫೋನು ನನ್ನ ಹತ್ತಿರ. ಮೂರು ದಿನ ಹತ್ತು ಹೆಜ್ಜೆಯೊಳಗೇ ಸಂಸಾರ ಚೆನ್ನಾಗಿ ನಡೆಯಿತು.

ಐದನೆಯ ದಿನ ಊರ ಮಧ್ಯದ ಒಂದು ಸ್ಟೇಷನ್ನಿಗೆ ಹೋದೆವು. ಪ್ಲಾಟ್‌ಫಾರಮ್ಮಿನಲ್ಲಿ ಜನ ಗೆರೆ ಎಳೆದ ಹಾಗೆ ಸಾಲಾಗಿ ನಿಂತಿದ್ದರು. ನನಗೆ ನಗು ಬಂತು. ಹೀಗೆ ನಿಂತರೆ ಮಾಲೂರಿನಲ್ಲಿ ಸೀಟಿರಲಿ, ಬಾಗಿಲೂ ಸಿಗುವುದಿಲ್ಲ! ನಮ್ಮ ಕಡೆ ಪದ್ಧತಿಯೇ ಬೇರೆ. ಒಬ್ಬರು ನುಗ್ಗಿ ಸೀಟು ಹಿಡಿಯಬೇಕು, ಇನ್ನೊಬ್ಬರು ನಿಧಾನವಾಗಿ ಟೀ, ನೀರು ತೆಗೆದುಕೊಂಡು ಹತ್ತಬೇಕು.

"ಅತ್ತೆ, ನೀವು ನುಗ್ಗಿ ಎರಡು ಸೀಟ್ ಹಿಡೀರಿ. ನಾನು ಬಿಸಿ ಟೀ ತರ್ತೀನಿ" ಅಂದೆ.

ಅತ್ತೆ ನುಗ್ಗಿದರು. ಕಿಟಕಿ ಪಕ್ಕ ಕೂತು, ನಿಪ್ಪಟ್ಟಿನ ಚೀಲವನ್ನು ಪಕ್ಕದ ಸೀಟಿನ ಮೇಲಿಟ್ಟು, ಗಾಜಿನಿಂದ ನನ್ನ ಕಡೆ ಕೈಬೀಸಿದರು. ಭೇಷ್ ಅಂದುಕೊಂಡು ನಾನು ಬಾಟಲಿಯಲ್ಲಿ ಬಿಸಿ ಟೀ ಕೊಡುವ ಮಿಷನ್ನಿಗೆ ಕಾಸು ಹಾಕಿದೆ. ಸೀಟು ಹಿಡಿದಾದ ಮೇಲೆ ರೈಲು ಎಲ್ಲಿಗೆ ಹೋಗುತ್ತದೆ? ಹೊರಡುವ ಮೊದಲು ಸಿಳ್ಳೆ ಆಗಬೇಕು, ಹಸಿರು ಬಾವುಟ ಆಡಬೇಕು, ಒಂದು ಜಗ್ಗು ಜಗ್ಗಬೇಕು. ಆಮೇಲೂ ನಾಲ್ಕು ಹೆಜ್ಜೆ ಓಡಿ ಹತ್ತುವಷ್ಟು ಸಮಯ ಇರುತ್ತದೆ.

ಅಲ್ಲೆಲ್ಲೋ ಒಂದು ಸಣ್ಣ ಟ್ಯೂನು ಕೇಳಿಸಿತು. ಯಾರದೋ ಫೋನು ಅಂದುಕೊಂಡೆ.

ಬಾಗಿಲು ಮುಚ್ಚಿತು!

ಎರಡೂ ಕೈಯಲ್ಲಿ ಟೀ ಬಾಟಲಿ ಹಿಡಿದುಕೊಂಡೇ ಓಡಿದೆ. ಮೊಣಕೈಯಿಂದ ಗಾಜು ಬಡಿದೆ. ಒಳಗಿನಿಂದ ಅತ್ತೆ 'ಏನು?' ಎಂದು ಕೈ ತಿರುವಿದರು. ಮುಂದಿನ ಸ್ಟೇಷನ್ನಿನಲ್ಲಿ ಇಳಿದು ನಿಂತಿರಿ ಎಂದು ಕೂಗಬೇಕಿತ್ತು. ಯಾವ ಬುದ್ಧಿವಂತೆಯಾದರೂ ಅದನ್ನೇ ಕೂಗುತ್ತಿದ್ದಳು. ನನ್ನ ಬಾಯಿಂದ ಹತ್ತೊಂಬತ್ತು ವರ್ಷದ ಅಭ್ಯಾಸ ಹೊರಬಂತು:

"ಅತ್ತೇ! ಸೀಟ್ ಬಿಡ್ಬೇಡೀ!"

ಅತ್ತೆ ಗಟ್ಟಿಯಾಗಿ ತಲೆಯಾಡಿಸಿ ಚೀಲದ ಮೇಲೆ ಕೈ ಊರಿದರು. ರೈಲು ಹೊರಟುಹೋಯಿತು.

ಫೋನು ನೋಡಿದೆ. ವೈಫೈ ಗೆರೆ ಮೂರಿದ್ದದ್ದು ಎರಡಾಯಿತು, ಒಂದಾಯಿತು. ನೋಡನೋಡುತ್ತಿದ್ದಂತೆ ಅದೂ ಹೋಯಿತು. ಅತ್ತೆಯ ಜೊತೆ ಇಂಟರ್ನೆಟ್ಟೂ ಹೋಯಿತು.

ಭಯ ಎಂದರೇನು ಎಂದು ನನಗೆ ಆಗ ಗೊತ್ತಾಯಿತು. ಅತ್ತೆಯ ಪಾಸ್‌ಪೋರ್ಟು ನನ್ನ ಬ್ಯಾಗಿನಲ್ಲಿ. ಮಧ್ಯಾಹ್ನದ ಬಿ.ಪಿ. ಮಾತ್ರೆ ನನ್ನ ಬ್ಯಾಗಿನಲ್ಲಿ. ಅವರ ಸ್ವೆಟರು ನನ್ನ ಹೆಗಲ ಮೇಲೆ. ಅವರ ಹತ್ತಿರ ಇದ್ದದ್ದು ನಿಪ್ಪಟ್ಟು ಮತ್ತು ಅವರ ಫೋನಿಗೆ ಬಾರದ ಇಂಟರ್ನೆಟ್ಟು. ಆ ಜನಸಾಗರದಲ್ಲಿ ಎಲ್ಲೋ ಇಳಿದು, ಎಲ್ಲೋ ತಿರುಗಿ, ತಲೆ ಸುತ್ತಿ ಬಿದ್ದರೆ? ಯಜಮಾನರಿಗೆ ಏನೆಂದು ಹೇಳಲಿ? "ನಿಮ್ಮಮ್ಮನ್ನ ಸೀಟ್ ಹಿಡಿಯಕ್ಕೆ ಕಳಿಸಿದ್ದೆ ಕಣ್ರೀ" ಅನ್ನಲೇ? ಪೊಲೀಸರಾದರೂ ನಂಬಿಯಾರು, ತಾಯಲೂರಿನ ಜನ ನಂಬುತ್ತಾರೆಯೇ? ಅತ್ತೆಯನ್ನು ಕಳೆದುಕೊಂಡ ಸೊಸೆಯ ಮಾತನ್ನು ಲೋಕದಲ್ಲಿ ಯಾವ ಕಿವಿ ನಂಬಿದೆ! ಕೈಯಿಂದ ಒಂದು ಬಾಟಲಿ ಜಾರಿ ಬಿದ್ದು ಉರುಳಿತು. ಒಬ್ಬ ಮಹರಾಯ ಅದನ್ನು ಎತ್ತಿ, ಒರೆಸಿ, ಎರಡೂ ಕೈಯಿಂದ ಕೊಟ್ಟು, ಬಗ್ಗಿ ನಮಸ್ಕಾರ ಮಾಡಿ ಹೋದ. ನನಗೆ ಅಳು ಬಂತು.

ಗೋಡೆಯ ಮೇಲೆ ಫ್ರೀ ವೈಫೈ ಎಂಬ ಬೋರ್ಡು ಕಂಡಿತು. ಹೋದ ಜೀವ ಬಂದಂತಾಗಿ ಫೋನಿನಲ್ಲಿ ಅದನ್ನು ಒತ್ತಿದೆ. ಹೆಸರು ಕೇಳಿತು, ಕೊಟ್ಟೆ. ಇಮೇಲು ಕೇಳಿತು, ಕೊಟ್ಟೆ. ನಿಮ್ಮ ಇಮೇಲಿಗೆ ಒಂದು ಕೋಡು ಕಳಿಸಿದ್ದೇವೆ, ಅದನ್ನು ಇಲ್ಲಿ ಹಾಕಿದರೆ ಇಂಟರ್ನೆಟ್ಟು ಕೊಡುತ್ತೇವೆ ಎಂದಿತು. ಅಯ್ಯೋ ಪುಣ್ಯಾತ್ಮಾ, ಇಮೇಲು ತೆಗೆಯಲು ಇಂಟರ್ನೆಟ್ಟು ಬೇಡವೇ! ಮದುವೆಯಾಗುವ ತನಕ ಹುಚ್ಚು ಬಿಡದು, ಹುಚ್ಚು ಬಿಡುವ ತನಕ ಮದುವೆಯಾಗದು ಎಂಬ ಗಾದೆಯನ್ನು ಜಪಾನಿನವರು ಮಿಷನ್ನಿಗೆ ಹಾಕಿ ಇಟ್ಟಿದ್ದರು. ಮೂರು ಸಲ ಪ್ರಯತ್ನಿಸಿದೆ, ಮೂರು ಸಲವೂ ಅದೇ ಉತ್ತರ.

ಬಿಳಿ ಗ್ಲೌಸು ಹಾಕಿದ್ದ ಸ್ಟೇಷನ್ನಿನ ಮನುಷ್ಯರೊಬ್ಬರನ್ನು ಹಿಡಿದುಕೊಂಡೆ. ನನ್ನ ಇಂಗ್ಲಿಷು ಮಾಲೂರು ದಾಟುವುದಿಲ್ಲ, ಅವರದು ಒಸಾಕಾ ದಾಟುವುದಿಲ್ಲ. ಸೀರೆ ತೋರಿಸಿದೆ, ಹಣೆಗೆ ಬೊಟ್ಟಿಟ್ಟು ತೋರಿಸಿದೆ, ಬೆನ್ನು ಬಗ್ಗಿಸಿ ಅತ್ತೆಯ ಹಾಗೆ ನಡೆದು ತೋರಿಸಿದೆ. ಅವರು ಓಡಿಹೋಗಿ ಒಂದು ಕುರ್ಚಿ ತಂದರು. ನನಗೇ ಸೊಂಟನೋವು ಅಂದುಕೊಂಡರೋ ಏನೋ!

ಫೋಟೋ ತೋರಿಸೋಣ ಎಂದು ಫೋನು ತೆಗೆದೆ. ಐದು ದಿನದಲ್ಲಿ ಮುನ್ನೂರು ಫೋಟೋ. ಕೋಟೆಯ ಮುಂದೆ ನಾನು. ಹೂವಿನ ಮುಂದೆ ನಾನು. ಟೀ ಮಿಷನ್ನಿನ ಮುಂದೆ ನಾನು. ತಿಕ್ಕಿ ತಿಕ್ಕಿ ಬೆರಳು ಸವೆಯಿತು, ಅತ್ತೆ ಇಲ್ಲ. ಹೇಗಿರುತ್ತಾರೆ? ಎಲ್ಲ ಫೋಟೋ ತೆಗೆದವರೇ ಅವರು! ಕೊನೆಗೆ ನಾನು ತೆಗೆದದ್ದು ಒಂದು ಸಿಕ್ಕಿತು. ಅದರಲ್ಲಿ ಅತ್ತೆಯ ಬೆನ್ನು, ತುರುಬು. ಕೋಟೆಗೆ ಅಡ್ಡ ಬಂದಿದ್ದಕ್ಕೆ "ಸ್ವಲ್ಪ ಸರೀರಿ ಅತ್ತೆ" ಎಂದು ನಾನು ರೇಗಿದ್ದೆ. ಆ ಬೆನ್ನನ್ನೇ ಅವರಿಗೆ ತೋರಿಸಿದೆ. ತೋರಿಸುವಾಗ ನನ್ನ ಮೇಲೆ ನನಗೇ ಅಸಹ್ಯವಾಯಿತು.

ಅವರು ಫೋಟೋ ನೋಡಿದರು, ರೈಲು ಹೋದ ದಿಕ್ಕು ನೋಡಿದರು. ನಕ್ಕು, ಗಾಳಿಯಲ್ಲಿ ಬೆರಳನ್ನು ಗುಂಡಗೆ ಸುತ್ತಿಸಿದರು. ಒಂದು ಸುತ್ತು, ಎರಡು ಸುತ್ತು. ನನಗೆ ತಲೆ ಕೆಟ್ಟಿದೆ ಅನ್ನುತ್ತಿದ್ದಾರೆ ಅಂದುಕೊಂಡೆ. ತಪ್ಪೇನಿದೆ, ನಿಜವೇ! ಆಮೇಲೆ ಕುರ್ಚಿ ತೋರಿಸಿ ಕೂರಲು ಹೇಳಿ, ಗಡಿಯಾರ ತೋರಿಸಿ, ನನ್ನ ಪಕ್ಕದಲ್ಲೇ ನಿಂತರು. ಪೊಲೀಸರಿಗೆ ಒಪ್ಪಿಸಲು ಕಾಯುತ್ತಿದ್ದಾರೆ ಎಂದು ಇಬ್ಬರ ಪಾಸ್‌ಪೋರ್ಟನ್ನೂ ಕೈಯಲ್ಲಿ ಹಿಡಿದು ಕೂತೆ.

ಮುಕ್ಕಾಲು ಗಂಟೆ. ಬಂದ ರೈಲು, ಹೋದ ರೈಲು, ಎಲ್ಲದರಲ್ಲೂ ಇಣುಕಿದೆ. ಮುಳಬಾಗಿಲು ಆಂಜನೇಯನಿಗೆ ಹರಕೆ ಹೊತ್ತೆ. ಮೊದಲು ಬೆಣ್ಣೆ ಅಲಂಕಾರ ಅಂದೆ. ಇನ್ನೂ ಎರಡು ರೈಲು ಖಾಲಿ ಹೋದ ಮೇಲೆ ಸೋತು, ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. "ಅತ್ತೇನ ಕೊಟ್ಬಿಡು ಸ್ವಾಮಿ. ವೈಫೈ ಪಾಸ್‌ವರ್ಡು ಕೊಟ್ಬಿಡ್ತೀನಿ. ಕಕ್ಕಸನ್ನ ಇಡೀ ದಿನ ತೋರಿಸ್ಲಿ!"

ಟಿಂಗ್!

ಫೋನು ಸದ್ದು ಮಾಡಿತು. ಟಿಂಗ್, ಟಿಂಗ್, ಟಿಂಗ್. ಮಲಗಿದ್ದ ಫೋನಿನಲ್ಲಿ ಒಂದು ಗೆರೆ, ಎರಡು ಗೆರೆ. ತಲೆ ಎತ್ತಿದರೆ ಎದುರಿಗೆ ಒಂದು ರೈಲು ಬಂದು ನಿಲ್ಲುತ್ತಿದೆ. ಕಿಟಕಿಯ ಪಕ್ಕ ಅತ್ತೆ! ಅದೇ ಸೀಟು, ಅದೇ ಚೀಲ, ಅದರ ಮೇಲೆ ಅದೇ ಕೈ. ಸ್ಟೇಷನ್ನಿನ ಮನುಷ್ಯರು ಮತ್ತೆ ಬೆರಳನ್ನು ಗುಂಡಗೆ ಸುತ್ತಿಸಿದರು. ಆ ರೈಲು ಊರನ್ನೇ ಪ್ರದಕ್ಷಿಣೆ ಹಾಕಿ ಹೊರಟಲ್ಲಿಗೇ ಬರುವ ರೈಲು!

"ಬೇಗ್ ಬಾರೇ ಗಿರಿಜಾ! ಈ ಬಾಗ್ಲಿಗೆ ದಯೆ ದಾಕ್ಷಿಣ್ಯ ಇಲ್ಲ, ಮುಚ್ಕೊಂಡ್ಬಿಡುತ್ತೆ!"

ಹಾರಿ ಒಳಗೆ ಬಿದ್ದೆ. ಅತ್ತೆಯನ್ನು ತಬ್ಬಿಕೊಂಡು ರೈಲಿನಲ್ಲಿದ್ದವರೆಲ್ಲ ನೋಡುವ ಹಾಗೆ ಅತ್ತೆ.. ಅತ್ತೆ.. ಎಂದು ಗೊಳೋ ಎಂದು ಅತ್ತೆ. ಆ ರೈಲಿನಲ್ಲಿ ಜನ ಜೋರಾಗಿ ಉಸಿರೂ ಬಿಡುವುದಿಲ್ಲ.

"ಯಾಕೆ ಅಳ್ತೀಯಾ? ಸೀಟ್ ಬಿಡ್ಬೇಡಿ ಅಂದೆ, ಬಿಡ್ಲಿಲ್ಲ. ಇಬ್ರು ಬಂದು ನೋಡಿದ್ರು. 'ಮಾ ಕೋಡಲು ವಸ್ತುಂದಿ' ಅಂದೆ, ಹೋದ್ರು." ನನ್ನ ಸೊಸೆ ಬರ್ತಾಳೆ ಎಂದು ತೆಲುಗಿನಲ್ಲಿ ಹೇಳಿದ್ದರು.

"ಭಯ ಆಗ್ಲಿಲ್ವಾ ಅತ್ತೆ?"

"ಎಂಥಾ ಭಯ? ನೀನು ಬಂದೇ ಬರ್ತೀಯ ಅಂತ ಗೊತ್ತಿತ್ತಲ್ಲಾ."

ಮಾತ್ರೆ ಕೊಟ್ಟೆ, ಸ್ವೆಟರು ಹೊದಿಸಿದೆ. ಆಗಲೇ ನೋಡಿದ್ದು, ಅತ್ತೆಯ ಇನ್ನೊಂದು ಕೈಯಲ್ಲಿ ಅವರ ಫೋನಿತ್ತು. ಅದರ ತುಂಬ ತಾಯಲೂರು! ರತ್ನಮ್ಮ, ಅವರ ಸೊಸೆ, ಪಕ್ಕದ ಮನೆಯವರು, ಎಲ್ಲರೂ ನನ್ನ ಅಳು ನೋಡುತ್ತಿದ್ದರು. ಅತ್ತೆಯ ಎದುರು ಸೀಟಿನಲ್ಲಿ ಒಬ್ಬ ಜಪಾನಿ ಹೆಂಗಸು ನಿಪ್ಪಟ್ಟು ಕಡಿಯುತ್ತಿದ್ದಳು.

"ಹೌದೂ, ಒಂದು ಮಾತು ಕೇಳ್ಬೇಕಿತ್ತು" ಎಂದರು ಅತ್ತೆ, ಸಂಚಿಯಿಂದ ಪೆಟ್ಟಿಗೆ ತೆಗೆದು. "ಇದನ್ನ ಈಯಮ್ಮನಿಗೆ ಕೊಟ್ಟು ಕೊಂಚೆಂ ಚೂಡಮ್ಮಾ, ಸ್ವಲ್ಪ ನೋಡಮ್ಮಾ ಅಂದೆ. ತಿರುಗಿಸಿ ನೋಡಿ, ಹಿಂದೆ ಬರೆದಿರೋ ನಂಬರ್ರು ನನ್ನ ಫೋನಿಗೆ ಒತ್ತಿದ್ಳು. ತಟ್ಟಂತ ಬಂತು. ಒಂದು ಪೆಟ್ಟಿಗೆಗೆ ಒಂದೇ ಫೋನು ಅಂದಿದ್ಯಲ್ಲ, ಆ ರೂಲ್ಸು ಏನಾಯ್ತು?"

ತಾಯಲೂರಿನ ಮುಖಗಳೆಲ್ಲ ಪರದೆಯ ಹತ್ತಿರಕ್ಕೆ ಬಂದವು.

"ಅದು... ಇವತ್ತಿಂದ ಬದಲಾಯಿಸಿದ್ರಂತೆ ಅತ್ತೆ."

"ಹಂಗಾ? ಆಗ್ಲಿ ಬಿಡು" ಅಂದರು ಅತ್ತೆ.

ಅಷ್ಟೇ. ಅದಕ್ಕಿಂತ ನಾಲ್ಕು ಬೈದಿದ್ದರೆ ಚೆನ್ನಾಗಿತ್ತು. ಉಳಿದ ಮೂರು ದಿನ ಪೆಟ್ಟಿಗೆಯ ಗುಂಡಿ ಅತ್ತೆಯ ಬೆರಳಿನಲ್ಲೇ ಇತ್ತು. ಪೆಟ್ಟಿಗೆಯನ್ನು ಆಫ್ ಮಾಡುವುದನ್ನೂ ಆ ಹೆಂಗಸು ಹೇಳಿಕೊಟ್ಟಿದ್ದಳು. ಬೆಳಿಗ್ಗೆ ರೂಮು ಬಿಡುವಾಗಲೇ ಆರಿಸಿ ಸಂಚಿಗೆ ಹಾಕುವರು. ಮ್ಯಾಪು ನೋಡಬೇಕು ಅತ್ತೆ ಎಂದರೆ, "ಸಾಯಂಕಾಲ ರತ್ನಂಗೆ ಫೋನ್ ಮಾಡ್ಬೇಕು ಕಣೇ, ಉಳೀಲಿ" ಅನ್ನುವರು. ದಾರಿಯನ್ನು ಎದುರು ಬಂದವರ ಹತ್ತಿರ ತೆಲುಗಿನಲ್ಲಿ ತಾವೇ ಕೇಳುವರು. ಒಂದು ಸಲವೂ ತಪ್ಪಲಿಲ್ಲ. ಹತ್ತೊಂಬತ್ತು ವರ್ಷದ ರೈಲಿನ ಅನುಭವವಿರುವ ನಾನು, ಅವರ ಸೆರಗಿನ ತುದಿಯನ್ನು ಕೈಗೆ ಎರಡು ಸುತ್ತು ಸುತ್ತಿಕೊಂಡು ಹಿಂದೆ ಹಿಂದೆಯೇ ನಡೆದೆ.