ಕಟ್ಟಿ, ಬೆಳಕಿಂಡಿ, ಕೌದಿ

"ಇದನ್ನ ಯಾರ ಮುಂದೂ ಬಾಯಿ ಬಿಡಬ್ಯಾಡವ್ವಾ" ಅಂತ ಅಪ್ಪ ಹೇಳ್ಯಾನ. ನಾನೂ ಮಾತಿನಾಕಿ ಅಲ್ಲ. ಪುಸ್ತಕ ಹಿಡದು ಮೂಲ್ಯಾಗ ಕುಂದ್ರಾಕಿ. ಆದ್ರ ಒಂದ ಕಟ್ಟಡದಾಗ ಇಷ್ಟೆಲ್ಲಾ ಆಗಾಕ ಹತ್ತಿದ್ರ ಎಷ್ಟಂತ ಹೊಟ್ಟ್ಯಾಗ ಇಟಗೊಳ್ಳಲಿ?

ಅಪ್ಪ ಕಟ್ಟಡದ ನಕ್ಷಾ ತಗೀತಾನ. ಬೈಲಹೊಂಗಲದ ನಮ್ಮ ಹಳೇ ಓಣ್ಯಾಗ ಸೊಸಾಯಿಟಿಗೆ ಹೊಸಾ ಆಫೀಸ್ ಆಗಬೇಕಿತ್ತು. ಅದನ್ನ ಮಂಜೂರ ಮಾಡೂ ಬೆಳಗಾವಿ ಸಾಹೇಬ್ರಿಗೆ ಸಿಮೆಂಟಿಂದ ಬೇಕಿತ್ತು. ಅಪ್ಪ, "ಓಣಿ ಹೆಂಗೈತಿ ಹಂಗ ಕಲ್ಲು-ಮಣ್ಣಿಂದ ಕಟ್ಟತೇನ್ರಿ. ಬ್ಯಾಸಗ್ಯಾಗೂ ಫ್ಯಾನ್ ಬೇಕಾಗಂಗಿಲ್ಲ" ಅಂದ.

"ಮೊದಲ ಒಂದ ಖೋಲಿ ಕಟ್ಟಿ ತೋರಸ್ರಿ. ನನಗ ಬೆವರು ಬಂತಂದ್ರ ಕೆಡವಸ್ತೇನಿ" ಅಂದ್ರು ಸಾಹೇಬ್ರು.

೧. ಸುಣ್ಣದ ಗೆರಿ

ನಕ್ಷಾದಾಗ ಮುಂದ ಕಟ್ಟಿ ಇರಲಿಲ್ಲ. ಎದುರು ಮನಿ ಅಜ್ಜ ಬಂದು, "ಕುಂದ್ರಾಕ ಕಟ್ಟಿ ಇಲ್ಲದ್ದು ಎಂಥಾ ಆಫೀಸೋ? ಕೆಲಸಾ ಆಗೂತನಕ ಮಂದಿ ನಿಂತ ನಿಂತ ಮುದುಕರಾಗಬೇಕೇನು?" ಅಂದ. ಅಪ್ಪ ನಕ್ಕು, ಕಟ್ಟಿ ಬರೂ ಜಾಗಾದಾಗ ಸುಣ್ಣದ ಗೆರಿ ಹೊಡದ. ಮರುದಿನ ಮುಂಜಾನೆ ನೋಡಿದ್ರ, ಗೆರಿ ಒಳಗ ನಾಕ ಮಂದಿ ಅಜ್ಜಗೋಳು ಎಲಿ-ಅಡಿಕಿ ಹಾಕ್ಕೊಂತ ನೆಲದ ಮ್ಯಾಲೆ ಸಾಲಾಗಿ ಕುಂತಾರ!

"ಏನ್ರಿ ಕಾಕಾ, ಇನ್ನೂ ಕಟ್ಟೇ ಇಲ್ಲಲ್ರಿ?"

"ನೀ ಸಾವಕಾಶ ಕಟ್ಟಪಾ. ನಾವು ಜಾಗಾ ಹಿಡದೇವಿ."

ಯಾರೂ ಏಳಲಿಲ್ಲ. ಗೌಂಡಿ ಒಂದ ತುದಿಯಿಂದ ಕಟ್ಟಕೋತ ಬಂದಂಗ, ಒಬ್ಬೊಬ್ರಾಗಿ ಕಟ್ಟಿ ಏರಿದ್ರು.

೨. ಕಾಗಿ ಕಾಯೂ ನೌಕ್ರಿ

ನಮ್ಮ ಓಣಿ ಹೆಣಮಕ್ಕಳು ಮಾಳಗಿಯಿಂದ ಮಾಳಗಿಗೆ ದಾಟಿ ಓಡ್ಯಾಡತಾರ. "ನಡುವ ಗ್ವಾಡಿ ಏರಸಿದ್ರ ಹಾಲಿನ ಹೆಪ್ಪಿಗೂ ಊರು ಸುತ್ತಬೇಕು" ಅಂತ ಅಪ್ಪನ ಅವ್ವ, ನಮ್ಮ ಆಯಿ, ಜಗಳಾ ತಗದ್ಲು. ಅಪ್ಪ ಹೊಸಾ ಖೋಲಿ ಮಾಳಗಿ ಬಾಜೂ ಮನಿ ಮಾಳಗಿಗೆ ಸಮಾ ಮಾಡಿದ.

ಸಾಹೇಬ್ರ ಬೆಲ್‌ಬಾಟಮ್ ಕಾರಕೂನ ಅಳತಿ ತಗೋಳಾಕ ಮ್ಯಾಲೆ ಹತ್ತಿದ. ಎಲ್ಲಿ ಹೊಸಾ ಖೋಲಿ ಮುಗೀತು ತಿಳೀದ, ಟೇಪ್ ಹಿಡಕೊಂಡು ಹಿಂದ ಹಿಂದ ಸರಕೋತ ಮೂರನೇ ಮನಿ ಮುಟ್ಟಿದ. ಆ ಮನಿ ಕಾಕು, "ಬಂದ್ರ್ಯಾ? ಚೊಲೋ ಆತು. ಹಪ್ಪಳಾ ನೋಡಕೋರಿ, ಕಾಗಿ ಬಾಳ ಅದಾವ" ಅಂತ ಕೈಯಾಗ ಕೋಲು ಕೊಟ್ಟು ಇಳದ್ಲು.

ಪಾಪ, ಸಂಜಿತನಕ ಕಾಯ್ದ.

೩. ಪರೀಕ್ಷಾ

ಖೋಲಿಗೆ ಬೆಳಕು ಬರೂದು ಮಾಳಗ್ಯಾಗಿನ ಬೆಳಕಿಂಡಿಯಿಂದ. ಸಾಹೇಬ್ರು ಬರೂ ದಿನ ಆಯಿ, "ಕೌದಿ ಒಣಾಕ ಹಾಕಿ ಬಾ" ಅಂದ್ಲು. ಹೆಗಲ ಮ್ಯಾಲೆ ಹಸಿ ಕೌದಿ, ಬಗಲಾಗ ಪುಸ್ತಕ. ಮನಸು ಪುಸ್ತಕದಾಗ. ಹರವಿದೆ, ಇಳದ ಬಂದೆ. ಎಲ್ಲಿ ಹರವಿದೆ, ಆ ದೇವರಿಗೇ ಗೊತ್ತು.

ಸಾಹೇಬ್ರು ನಮ್ಮ ಮನ್ಯಾಗ ಐದು ಹೋಳಿಗಿ ತಿಂದು, ಸುಡು ಮಧ್ಯಾಹ್ನದಾಗ ಖೋಲಿಗೆ ಹೋದ್ರು. "ಅರ್ಧಾ ತಾಸು ಒಬ್ಬನ ಕುಂದ್ರತೇನಿ. ಯಾರೂ ಬರಬ್ಯಾಡ್ರಿ" ಅಂತ ಒಳಗಿಂದ ಅಗಳಿ ಹಾಕ್ಕೊಂಡ್ರು.

ಅರ್ಧಾ ತಾಸಾತು. ತಾಸಾತು. ಎರಡು ತಾಸಾತು. ಬೆವರು ಬಂದದ್ದು ಹೊರಗ ನಿಂತ ಅಪ್ಪಗ.

"ಸೆಕಿಗೆ ಎಚ್ಚರ ತಪ್ಪೇತೋ ಏನೋ" ಅಂದ ಕಾರಕೂನ. ಮ್ಯಾಲಿಂದ ಹಣಿಕಿ ನೋಡೂಣಂತ ಮಾಳಗಿಗೆ ಓಡಿದೆ. ಬೆಳಕಿಂಡಿ ಮ್ಯಾಲೆ ನಮ್ಮ ಹಸಿ ಕೌದಿ! ತುದಿ ಎತ್ತಿ ಹಣಿಕಿದೆ. ಒಳಗ ತಂಪ ಕತ್ತಲು. ಕೋಟು ತಲಿಗಿಂಬು ಮಾಡಕೊಂಡು ಸಾಹೇಬ್ರು ಗೊರಕಿ ಹೊಡ್ಯಾಕ ಹತ್ತಿದ್ರು. ಕೌದಿ ಮೆಲ್ಲಕ ಮತ್ತ ಹೊಚ್ಚಿ, ಇಳದು ಕೌದಿ, ಗೊರಕಿ ಎರಡೂ ಅಪ್ಪನ ಕಿವ್ಯಾಗ ಹೇಳಿದೆ.

ಕಟ್ಟಿ ಮ್ಯಾಲಿನ ಅಜ್ಜಗೂ ಕೇಳಿಸ್ತು ಕಾಣತೈತಿ. ಎಲಿಗೆ ಸುಣ್ಣಾ ಹಚ್ಚಕೋತ, "ಪಾಸಾದಿ ಬಿಡಪಾ" ಅಂದ.

ಕಾರಕೂನ ಬಾಗಲಾ ಬಡದ. "ಸಾಹೇಬ್ರ, ಐದರ ಬಸ್ ಹೋಗತೈತ್ರಿ! ಸೆಕಿ ಆತೇನ್ರಿ?"

ಬಾಗಲಾ ಮುಚ್ಚಿದ್ದು ಮುಚ್ಚೇ ಇತ್ತು. ಕಿವಿ ಹಚ್ಚಿದ್ರ, ಒಳಗ ಗೊರಕಿ ಇನ್ನೂ ನಡದಿತ್ತು.