ಓದುವ ಮೊದಲೇ ನರ್ಸಾದೆ

ಮೂರು ಸಬ್ಜೆಕ್ಟು. ಬರೀ ಮೂರೇ ಮೂರು! ನಾನು ನರ್ಸ್ ಆಗುವುದಕ್ಕೆ ಅಡ್ಡ ಇದ್ದದ್ದು ಅಷ್ಟೇ.

ಇದನ್ನು ನನಗೆ ತಿಳಿಸಿದವರು ದೊಡ್ಡಬಳ್ಳಾಪುರದ ಒಂದು ನರ್ಸಿಂಗ್ ಕಾಲೇಜಿನ ಗುಮಾಸ್ತರು. ನಾನು ಪಿಯುಸಿಯಲ್ಲಿ ಓದಿದ್ದು ಆರ್ಟ್ಸ್. ಬಿ.ಎಸ್ಸಿ. ನರ್ಸಿಂಗ್ ಸೇರಬೇಕಾದರೆ ಫಿಸಿಕ್ಸು, ಕೆಮಿಸ್ಟ್ರಿ, ಬಯಾಲಜಿ ಪಾಸಾಗಿರಲೇಬೇಕಂತೆ. "ಓಪನ್ ಸ್ಕೂಲಲ್ಲಿ ಆ ಮೂರು ಕಟ್ಟಿ ಪಾಸ್ ಮಾಡ್ಕೊಂಡು ಬನ್ನಮ್ಮ, ಆಮೇಲೆ ನೋಡೋಣ" ಎಂದರು. ಅವರು ಹಾಗಂದದ್ದು ನನ್ನನ್ನು ಸಾಗಹಾಕುವುದಕ್ಕೆ ಎಂದು ಈಗ ಅನ್ನಿಸುತ್ತದೆ. ಆಗ ಮಾತ್ರ ಮಣೆ ಹಾಕಿ, ಅರಿಶಿನ ಕುಂಕುಮ ಕೊಟ್ಟು ಕರೆದ ಹಾಗೆ ಕೇಳಿಸಿತು. ಖುಷಿಯಲ್ಲಿ ಬಸ್ ಸ್ಟ್ಯಾಂಡಿನ ತನಕ ಹೆಚ್ಚುಕಡಿಮೆ ಓಡಿಕೊಂಡೇ ಹೋದೆ.

ಈ ವಯಸ್ಸಿನಲ್ಲಿ ಇದ್ಯಾಕೆ ಅಂತ ನೀವು ಕೇಳಬಹುದು. ಎಲ್ಲರೂ ಕೇಳಿದ್ದಾರೆ. ದೊಡ್ಡಬಳ್ಳಾಪುರದಿಂದ ದೇವನಹಳ್ಳಿಗೆ ಹೋಗುವ ದಾರಿಯಲ್ಲಿ ನಮ್ಮೂರು. ಏರ್‌ಪೋರ್ಟ್ ಬಂದದ್ದೇ ಬಂದದ್ದು, ಊರಿನಲ್ಲಿ ಎಲ್ಲರಿಗೂ ಒಂದೊಂದು ಯೂನಿಫಾರ್ಮ್ ಸಿಕ್ಕಿತು. ನಮ್ಮ ಯಜಮಾನರಿಗೆ ಪ್ರಯಾಣಿಕರ ಬ್ಯಾಗು ಸಾಗಿಸುವ ಕಡೆ ಕೆಲಸ, ನೀಲಿ ಅಂಗಿ. ಮೈದುನ ಸೀನ ಟ್ಯಾಕ್ಸಿ ಓಡಿಸುತ್ತಾನೆ, ಬಿಳಿ ಅಂಗಿ. ನನಗೆ ಮಾತ್ರ ಅದೇ ನೈಟಿ, ಅದರ ಮೇಲೊಂದು ಟವೆಲ್ಲು! ಹೀಗಿರುವಾಗ ಅತ್ತೆ ಜ್ವರ ಬಂದು ಆಸ್ಪತ್ರೆ ಸೇರಿದರು. ಅಲ್ಲೊಬ್ಬ ಸಿಸ್ಟರ್, ನನಗಿಂತ ಚಿಕ್ಕವಳು, "ಅಜ್ಜಿ, ಬಾಯಿ ಮುಚ್ಕೊಂಡು ಮಲಕ್ಕೊಳ್ಳಿ" ಎಂದಳು. ಅತ್ತೆ ಬಾಯಿ ಮುಚ್ಚಿಕೊಂಡು ಮಲಗಿಬಿಟ್ಟರು! ಆ ಗಳಿಗೆಯಲ್ಲೇ ನನ್ನ ಜೀವನದ ಗುರಿ ನಿರ್ಧಾರವಾಯಿತು.

ಆ ಮೂರು ಸಬ್ಜೆಕ್ಟಿಗೆ ಶನಿವಾರ ಭಾನುವಾರ ಪಾಠ ಮಾಡುವ ಸೆಂಟರ್ ಒಂದು ದೊಡ್ಡಬಳ್ಳಾಪುರದಲ್ಲೇ ಇತ್ತು. ಅದನ್ನು ನೋಡಿಕೊಳ್ಳುತ್ತಿದ್ದವರು ಸುಮಿತ್ರಾ ಮೇಡಂ. ಲ್ಯಾಬಿನಲ್ಲಿ ಜಾಗ ಕಮ್ಮಿ, ಆದ್ದರಿಂದ ಸೀಟೂ ಕಮ್ಮಿ. "ನಿಮಗೋಸ್ಕರ ಒಂದು ಸೀಟು ಹಿಡ್ಕೊಂಡಿರ್ತೀನಿ ವನಜಾಕ್ಷಿ. ಕೊನೇ ಶನಿವಾರ ಸಂಜೆ ಐದ್ರೊಳಗೆ ಬಂದು ಹೆಸರು ಬರೆಸಿ. ತಪ್ಪಿದ್ರೆ ಮುಂದಿನ ವರ್ಷವೇ" ಎಂದರು. ಮುಂದಿನ ವರ್ಷ ನಮ್ಮ ಮಗಳು ಎಸ್ಸೆಸ್ಸೆಲ್ಸಿ. ಅವಳ ಓದಿನ ವರ್ಷ ನನ್ನ ಓದನ್ನು ಯಾರು ಕೇಳುತ್ತಾರೆ? ಈ ವರ್ಷ ತಪ್ಪಿತೆಂದರೆ ನನ್ನ ಯೂನಿಫಾರ್ಮ್ ಶಾಶ್ವತವಾಗಿ ನೈಟಿಯೇ.

ಮನೆಗೆ ಬಂದವಳೇ ಯೋಜನೆ ತಯಾರಿಸಲು ಕೂತೆ. ಸದರಿ ಯೋಜನೆಯ ಪ್ರಕಾರ ಬೆಳಗ್ಗೆ ಹಾಲು ಕರೆಯುವಾಗ ಫಿಸಿಕ್ಸು, ಸಾರು ಕುದಿಯುವಾಗ ಕೆಮಿಸ್ಟ್ರಿ, ಅತ್ತೆ ಧಾರಾವಾಹಿ ನೋಡುವಾಗ ಬಯಾಲಜಿ. ಅತ್ತೆ ತಕ್ಷಣ ಆಕ್ಷೇಪಣೆ ಸಲ್ಲಿಸಿದರು.

"ಶನಿವಾರ ಹೊಸಾ ಕೆಲ್ಸ ಶುರು ಮಾಡ್ತಾರೇನೇ? ಏಳಿಗೆ ಆಗಕ್ಕಿಲ್ಲ."

"ಶನಿವಾರವೇ ಕ್ಲಾಸು ಇರೋದು ಅತ್ತೆ."

"ಹಂಗಾರೆ ಶುಕ್ರವಾರ ಹೋಗಿ ಬಾಗ್ಲು ಮುಟ್ಟಿ ಬಾ."

ಯಜಮಾನರು ಪಟ್ಟಿಯನ್ನು ಬಗ್ಗಿ ನೋಡಿ ತಲೆ ಆಡಿಸಿದರು. "ಇದ್ರಲ್ಲಿ ಬಫರ್ ಟೈಮೇ ಇಲ್ವಲ್ಲೇ. ನಮ್ಮ ಏರ್‌ಪೋರ್ಟಲ್ಲಿ ಎರಡು ಫ್ಲೈಟ್ ಮಧ್ಯೆ ಬಫರ್ ಅಂತ ಒಂದಿಷ್ಟು ಟೈಮು ಖಾಲಿ ಇಟ್ಟಿರ್ತಾರೆ." ಅವರ ಮಾತಿಗೆ ಬೆಲೆ ಕೊಟ್ಟು ಬಫರ್ ಹುಡುಕಿದೆ. ಎಲ್ಲೂ ಸಿಗಲಿಲ್ಲ. ಕೊನೆಗೆ ನನ್ನ ಊಟ ತೆಗೆದೆ, ಬಫರ್ ಸಿಕ್ಕಿತು!

ಇಲ್ಲಿಯವರೆಗೆ ಎಲ್ಲವೂ ಸರಿಯಾಗಿಯೇ ಇತ್ತು. ಮರುದಿನ ಯಜಮಾನರು ಡೇರಿಗೆ ಹಾಲು ಹಾಕಲು ಹೋದರು. ಅಲ್ಲಿ ಅವರು ಹೇಳಿದ್ದು, "ನಮ್ಮೋಳು ನರ್ಸಿಂಗ್ ಸೇರೋಕೆ ಬೇಕಾದ ಸಬ್ಜೆಕ್ಟ್ ಕಟ್ಟೋಕೆ ಪ್ಲಾನ್ ಮಾಡ್ತಾವಳೆ" ಎಂದು. ಇಷ್ಟು ಉದ್ದದ ವಾಕ್ಯ ಡೇರಿ ಬಾಗಿಲು ದಾಟುವುದು ಕಷ್ಟ. ಮೊದಲು ಪ್ಲಾನ್ ಉದುರಿತು, ಆಮೇಲೆ ಸಬ್ಜೆಕ್ಟ್ ಉದುರಿತು. ಅರಳಿಕಟ್ಟೆಗೆ ಬರುವ ಹೊತ್ತಿಗೆ ಉಳಿದದ್ದು "ವನಜಾಕ್ಷಿ ನರ್ಸ್ ಆದ್ಳಂತೆ" ಎಂಬುದಷ್ಟೇ.

ಸಂಜೆ ಪಕ್ಕದ ಮನೆಯ ಮುನಿಯಮ್ಮಜ್ಜಿ ಬಂದು ಜಗುಲಿಯ ಮೇಲೆ ಕಾಲು ಚಾಚಿ ಕೂತರು.

"ಹೊಟ್ಟೆ ತಮಟೆ ಆದಂಗಾಗೈತೆ ಕಣವ್ವ. ಒಸಿ ನೋಡು."

"ಅಜ್ಜಿ, ನಾನಿನ್ನೂ ಓದಿಲ್ಲ. ಓದೋದಕ್ಕೆ ಸೇರೂ ಇಲ್ಲ!"

"ಓದ್ದೋರೆಲ್ಲ ಅಂಗೇ ಅನ್ನೋದು. ನೋಡವ್ವ ತಾಯಿ."

ಕರುಣೆ ಅನ್ನುತ್ತೀರೋ ಅಹಂಕಾರ ಅನ್ನುತ್ತೀರೋ, ಅಜ್ಜಿಯ ಹೊಟ್ಟೆಯನ್ನು ಎರಡು ಬೆರಳಲ್ಲಿ ತಟ್ಟಿ, ಮುಖ ಗಂಭೀರ ಮಾಡಿಕೊಂಡು, "ಗ್ಯಾಸು. ಬಿಸಿನೀರು ಕುಡೀರಿ" ಅಂದುಬಿಟ್ಟೆ. ಗ್ರಹಚಾರ ನೋಡಿ, ಮುನಿಯಮ್ಮಜ್ಜಿಗೆ ಬೆಳಗಾಗುವುದರೊಳಗೆ ವಾಸಿಯಾಯಿತು! ಆಮೇಲೆ ಜಗುಲಿ ಖಾಲಿ ಇದ್ದ ಸಂಜೆಯೇ ಇಲ್ಲ. ತಲೆನೋವು, ಸೊಂಟನೋವು, ನಿದ್ದೆ ಬರದವರು, ನಿದ್ದೆ ಬಿಡದವರು. ಎಲ್ಲರಿಗೂ ಒಂದೇ ಔಷಧ, ಬಿಸಿನೀರು. ಯಾರೂ ಸಾಯಲಿಲ್ಲ. ಅದನ್ನೇ ಅವರು ನನ್ನ ಕೈಗುಣ ಅಂದುಕೊಂಡರು.

ಆ ವಾರದ ಕೊನೆಗೆ ಸರ್ಕಲ್ಲಿನಲ್ಲಿ ಫ್ಲೆಕ್ಸ್ ಎದ್ದಿತು.

ಅದು ಸೀನ ಮತ್ತು ಅವನ ಟ್ಯಾಕ್ಸಿ ಗೆಳೆಯರ ಕೆಲಸ. ನಮ್ಮ ಕಡೆ ಹುಡುಗರಿಗೆ ಫ್ಲೆಕ್ಸ್ ಕಟ್ಟಲು ದೊಡ್ಡ ಕಾರಣ ಬೇಡ. ಹುಟ್ಟಿದರೆ ಫ್ಲೆಕ್ಸ್, ಸತ್ತರೆ ಫ್ಲೆಕ್ಸ್, ಕುರಿ ಕಾದಾಟದಲ್ಲಿ ಟಗರು ಗೆದ್ದರೆ ಟಗರಿಗೂ ಫ್ಲೆಕ್ಸ್. ನನ್ನ ಹೆಸರಿನ ಕೆಳಗೆ "ನಮ್ಮೂರ ಹೆಮ್ಮೆಯ ಸಿಸ್ಟರ್‌ಗೆ ಹಾರ್ದಿಕ ಅಭಿನಂದನೆಗಳು" ಎಂದಿತ್ತು. ಫೋಟೋ ಯಾವುದು ಅಂತೀರಿ? ನಾದಿನಿಯ ಮದುವೆಯಲ್ಲಿ ನಾನು ಸಾಂಬಾರು ಬಡಿಸುತ್ತಿದ್ದದ್ದು! ಕೈಯಲ್ಲಿದ್ದ ಸೌಟು ತೆಗೆದು ಸಿರಿಂಜು ಇಟ್ಟಿದ್ದರು. ಬಕೆಟ್ಟು ಮರೆಯಾಗಲೆಂದು ಅದರ ಮೇಲೊಂದು ಕೆಂಪು ಹೃದಯ ಅಂಟಿಸಿದ್ದರು. ಕೆಳಗೆ ಸಾಲಾಗಿ ಶುಭಕೋರುವವರು, ಎಲ್ಲರೂ ಕಪ್ಪು ಕನ್ನಡಕದಲ್ಲಿ. ಮಧ್ಯದಲ್ಲಿ ಕೈ ಮುಗಿದು ನಿಂತ ಪಂಚಾಯ್ತಿ ಮೆಂಬರ್ ಕೆಂಪಣ್ಣನವರು ನನಗಿಂತ ದೊಡ್ಡದಾಗಿದ್ದರು.

"ಲೋ ಸೀನ, ಇಳಿಸೋ ಅದನ್ನ! ನಾಚ್ಕೆ ಆಗಲ್ವಾ?" ಎಂದೆ.

"ಇರ್ಲಿ ಬಿಡಿ ಅತ್ತಿಗೆ. ನೀವು ಹೆಂಗಿದ್ರೂ ಆಗೇ ಆಗ್ತೀರ. ಇದು ಅಡ್ವಾನ್ಸು."

ಇನ್ನೊಂದು ಸಲ ಜೋರಾಗಿ ಹೇಳಿದ್ದರೆ ಇಳಿಸುತ್ತಿದ್ದನೋ ಏನೋ. ನಾನು ಹೇಳಲಿಲ್ಲ. ಬದಲಿಗೆ ಕರಿಬೇವು ತರುವ ನೆಪದಲ್ಲಿ ಸರ್ಕಲ್ಲಿಗೆ ಹೋಗಿ ಹೋಗಿ ನೋಡಿಕೊಂಡು ಬಂದೆ. ನಮ್ಮ ಹಿತ್ತಲಲ್ಲೇ ಕರಿಬೇವಿನ ಮರವಿದೆ!

ಕೊನೆಯ ಶನಿವಾರ ಬಂತು. ಅತ್ತೆಯ ಸಮಾಧಾನಕ್ಕೆ ಹಿಂದಿನ ದಿನವೇ ಹೋಗಿ ಸೆಂಟರಿನ ಬಾಗಿಲು ಮುಟ್ಟಿ ಬಂದಿದ್ದೆ. ರೇಷ್ಮೆ ಅಂಚಿನ ಸೀರೆ ಉಟ್ಟು ಮೇಡಂ ಮುಂದೆ ನಿಂತೆ. ಅವರು ಎದ್ದು ನಿಂತು ಕೈ ಕುಲುಕಿದರು.

"ಬನ್ನಿ ಸಿಸ್ಟರ್! ಕಂಗ್ರಾಟ್ಸ್! ದೇವನಹಳ್ಳಿಗೆ ಹೋಗ್ವಾಗ ಬಸ್ಸಿಂದ ನೋಡ್ದೆ ನಿಮ್ಮ ಫ್ಲೆಕ್ಸು. ನನಗೊಂದು ಮಾತು ಹೇಳ್ಬಾರ್ದಿತ್ತಾ? ನಿಮ್ಮ ಹೆಸರು ತೆಗೆದುಬಿಟ್ಟೆ. ಆ ಸೀಟು ಸೋಮವಾರ ಬೇರೆಯವರಿಗೆ ಹೋಗುತ್ತೆ."

ಸೌಟು, ಸಿರಿಂಜು, ಬಿಸಿನೀರು ಎಲ್ಲವನ್ನೂ ಬಡಬಡ ಹೇಳಿದೆ. ಮೇಡಂ ನಂಬಲು ತಯಾರಿರಲಿಲ್ಲ. ಅವರದೂ ತಪ್ಪಲ್ಲ. ಸೀಟು ಇರುವುದೇ ಇನ್ನೂ ಕೆಲಸ ಸಿಗದವರಿಗೆ. ಹೋದ ವರ್ಷ ಆಗಲೇ ನರ್ಸ್ ಕೆಲಸದಲ್ಲಿದ್ದ ಯಾರೋ ಸುಳ್ಳು ಹೇಳಿ ಸೀಟು ಹಿಡಿದದ್ದಕ್ಕೆ ಮೇಡಂ ಮೇಲಿನವರಿಂದ ಬೈಸಿಕೊಂಡಿದ್ದರಂತೆ.

"ನೀವು ನರ್ಸ್ ಅಲ್ಲ ಅಂತ ಊರಿನವರು ಯಾರಾದ್ರೂ ಬಂದು ಹೇಳ್ಲಿ. ಐದು ಗಂಟೆವರೆಗೂ ಇರ್ತೀನಿ."

ಇದೆಷ್ಟರ ಕೆಲಸ! ನಾನು ನರ್ಸ್ ಅಲ್ಲ ಅನ್ನುವುದು ನಿಜ ತಾನೇ? ನಿಜ ಹೇಳಲು ಊರಿನಲ್ಲಿ ಒಬ್ಬರಾದರೂ ಸಿಗುವುದಿಲ್ಲವೇ? ಸೀನನಿಗೆ ಫೋನ್ ಮಾಡಿ ಟ್ಯಾಕ್ಸಿ ಕರೆಸಿ ಊರಿಗೆ ಹಾರಿದೆ. ಫ್ಲೆಕ್ಸ್ ಕಟ್ಟಿದವನೇ ಅವನಾದ್ದರಿಂದ ಅವನ ಸಾಕ್ಷಿಯನ್ನು ಮೇಡಂ ನಂಬುವ ಹಾಗಿರಲಿಲ್ಲ. ಮೊದಲು ಮುನಿಯಮ್ಮಜ್ಜಿ.

"ಸುಳ್ಳು ಹೇಳಕ್ಕಿಲ್ಲ ಕಣವ್ವ ನಾನು" ಎಂದು ಅಜ್ಜಿ ಕೆನ್ನೆ ಕೆನ್ನೆ ಬಡಿದುಕೊಂಡರು. "ನನ್ನ ಹೊಟ್ಟೆ ವಾಸಿ ಮಾಡ್ದೋಳನ್ನ ನರ್ಸಲ್ಲ ಅಂದ್ರೆ ದೇವ್ರು ಮೆಚ್ಚಾನಾ? ತಿರ್ಗಾ ಹೊಟ್ಟೆ ಊದ್ಕಂಡ್ರೆ ಏನ್ ಮಾಡ್ಲಿ?"

ಮೆಂಬರ್ ಕೆಂಪಣ್ಣನವರ ಮನೆಗೆ ಓಡಿದೆ. ಅವರು ಬಹಳ ಹೊತ್ತು ಮೀಸೆ ತೀಡಿಕೊಂಡರು.

"ನೋಡಮ್ಮ, ಆ ಫ್ಲೆಕ್ಸಲ್ಲಿ ನನ್ನ ಫೋಟೋನೂ ಐತೆ. ಈಗ ನೀನು ನರ್ಸಲ್ಲ ಅಂದ್ರೆ ನನ್ನ ಮರ್ಯಾದೆ ಏನಾಗ್ಬೇಕು? ಎಲೆಕ್ಷನ್ ಬೇರೆ ಹತ್ರ ಬಂತು. ಅದು ಮುಗೀಲಿ, ಆಮೇಲೆ ನೀನು ಏನ್ ಅಲ್ಲ ಅಂತ ಬೇಕಾದ್ರೂ ಹೇಳ್ತೀನಿ."

ಯಜಮಾನರಿಗೆ ಫೋನ್ ಮಾಡಿದೆ. ಹಿಂದೆ ವಿಮಾನದ ಸದ್ದು, ಮುಂದೆ ಅವರ ಕೂಗು. "ಡ್ಯೂಟಿ ಬಿಟ್ಟು ಹೆಂಗೆ ಬರ್ಲಿ? ನಿನ್ ಪ್ಲಾನಲ್ಲಿ ಬಫರ್ ಇಡು ಅಂತ ಅವತ್ತೇ ಬಡ್ಕೊಂಡೆ!" ಎಂದು ಇಟ್ಟುಬಿಟ್ಟರು. ಕಣ್ಣಲ್ಲಿ ನೀರು ಬಂತು. ತಮಾಷೆಯಲ್ಲ, ನಿಜವಾಗಿಯೂ ಬಂತು. ಇಡೀ ಊರು ನನ್ನನ್ನು ಮೇಲೆತ್ತಿ ಕೂರಿಸಿತ್ತು, ನಾನು ಹೋಗಬೇಕಾದ ಕಡೆಗೆ ಹೋಗಲೆಂದು ಕೆಳಗಿಳಿಯಲು ಮಾತ್ರ ಬಿಡುತ್ತಿರಲಿಲ್ಲ.

ಆಗ ಹೊಳೆಯಿತು. ಅತ್ತೆ! ನನಗೆ ಏನೂ ಬರುವುದಿಲ್ಲ ಎಂದು ಮದುವೆಯಾದ ಮರುದಿನದಿಂದ ಇವತ್ತಿನವರೆಗೆ ಒಂದು ದಿನವೂ ಬಿಡದೆ ಸಾರುತ್ತಾ ಬಂದವರು. ಅವರಿಗಿಂತ ಬಲವಾದ ಸಾಕ್ಷಿ ಎಲ್ಲಿ ಸಿಕ್ಕೀತು? "ಅತ್ತೆ, ನನ್ನ ಬಗ್ಗೆ ದಿನಾ ಹೇಳೋದನ್ನೇ ಮೇಡಂ ಮುಂದೆ ಒಂದ್ಸಲ ಹೇಳ್ಬಿಡಿ" ಎಂದು ಟ್ಯಾಕ್ಸಿಗೆ ಹತ್ತಿಸಿದೆ. ಸೀನ ಏರ್‌ಪೋರ್ಟಿಗೆ ತಡವಾದವರನ್ನು ಒಯ್ಯುವ ವೇಗದಲ್ಲೇ ಓಡಿಸಿದ.

ಮೇಡಂ ಬಲು ಮರ್ಯಾದೆಯಿಂದ ಅತ್ತೆಗೆ ಕುರ್ಚಿ ಕೊಟ್ಟರು. ಫ್ಯಾನ್ ಹಾಕಿದರು. "ಹೇಳಿ ಅಮ್ಮ, ನಿಮ್ಮ ಸೊಸೆ ನರ್ಸ್ ಹೌದಾ, ಅಲ್ವಾ?"

ಅತ್ತೆ ಸೆರಗು ಸರಿಮಾಡಿಕೊಂಡರು. ಪರಸ್ಥಳ, ಕುರ್ಚಿ, ಫ್ಯಾನು, ಓದಿದ ಹೆಂಗಸು. ಮನೆತನದ ಗೌರವ ಅವರ ಗಂಟಲಿಗೆ ಬಂತು.

"ನಮ್ಮ ಸೊಸೆ ನರ್ಸ್ ಅಲ್ದೆ ಇನ್ನೇನವ್ವ? ಡಾಕ್ಟ್ರಿಗಿಂತ ಒಂದು ಕೈ ಮೇಲೇ! ಊರೋರೆಲ್ಲ ನಮ್ಮನೆ ಬಾಗ್ಲಲ್ಲೇ ಬಿದ್ದವರೆ!"

ಇಷ್ಟು ವರ್ಷ ಯಾವ ಹೊಗಳಿಕೆಗಾಗಿ ಜೀವ ತೇಯ್ದಿದ್ದೆನೋ ಅದು ಸಿಕ್ಕಿತು. ಸಿಕ್ಕ ಹೊತ್ತು ನೋಡಿ! ನಾನು ಅಲ್ಲೇ ಬೆಂಚಿನ ಮೇಲೆ ಕುಸಿದು, ಮೇಡಂ ಎದುರು ಗೊಳೋ ಅಂತ ಅತ್ತುಬಿಟ್ಟೆ. ಅತ್ತೆ, "ಖುಷಿಗೆ ಅಳ್ತಾವಳೆ" ಎಂದು ಮೇಡಂಗೆ ವಿವರಿಸಿದರು.

ಐದು ಗಂಟೆಗೆ ಇನ್ನು ಸ್ವಲ್ಪವೇ ಹೊತ್ತಿತ್ತು. ಮೇಡಂ ಒಮ್ಮೆ ನನ್ನನ್ನು, ಒಮ್ಮೆ ಅತ್ತೆಯನ್ನು ನೋಡಿದರು. ಕೊನೆಗೆ ನಿಟ್ಟುಸಿರು ಬಿಟ್ಟು, "ಬನ್ನಿ ನನ್ನ ಜೊತೆ" ಎಂದು ಲ್ಯಾಬಿಗೆ ಕರೆದುಕೊಂಡು ಹೋದರು. ಗೋಡೆಯ ಮೇಲೆ ಆಳೆತ್ತರದ ಮನುಷ್ಯನ ಚಿತ್ರವಿತ್ತು. ಚರ್ಮ ಸುಲಿದು ಒಳಗಿನದನ್ನೆಲ್ಲ ಬಣ್ಣ ಬಣ್ಣವಾಗಿ ತೋರಿಸಿದ್ದರು.

"ಇದರಲ್ಲಿ ಕಿಡ್ನಿ ಎಲ್ಲಿದೆ, ತೋರ್ಸಿ."

ಪರೀಕ್ಷೆ! ಚೆನ್ನಾಗಿ ಉತ್ತರ ಹೇಳಿದರೆ ಮೇಡಂ ಮೆಚ್ಚಿ ಸೀಟು ಕೊಟ್ಟಾರು ಎಂದು ನನ್ನ ತಲೆಗೆ ಹೊಳೆಯಿತೇ ಹೊರತು, ಚೆನ್ನಾಗಿ ಹೇಳಿದರೆ ಕೆಟ್ಟೆ ಎಂಬುದು ಹೊಳೆಯಲೇ ಇಲ್ಲ. ಕಿಡ್ನಿ ಎರಡಿರುತ್ತವೆ ಅನ್ನುವುದು ನನಗೆ ಗೊತ್ತಿತ್ತು. ಚಿತ್ರದಲ್ಲಿ ಜೋಡಿಯಾಗಿ, ದೊಡ್ಡದಾಗಿ, ಎದ್ದು ಕಾಣುವಂತೆ ಇದ್ದದ್ದು ಒಂದೇ. ಕಣ್ಣೊರೆಸಿಕೊಂಡು, ಬೆನ್ನು ನೆಟ್ಟಗೆ ಮಾಡಿ, ಪೂರ್ತಿ ಧೈರ್ಯದಿಂದ ಬೆರಳಿಟ್ಟೆ.

"ಇವೇ ಮೇಡಂ. ಇದು ಬಲಗಡೇದು, ಇದು ಎಡಗಡೇದು."

ಮೇಡಂ ನನ್ನ ಬೆರಳನ್ನು ಮೆಲ್ಲಗೆ ಚಿತ್ರದಿಂದ ಸರಿಸಿದರು.

"ವನಜಾಕ್ಷಿ, ಅವು ಶ್ವಾಸಕೋಶ."

ಆಮೇಲೆ ಅವರು ಬಂದ ನಗುವನ್ನು ಹೇಗೋ ತಡೆದುಕೊಂಡು ಕುರ್ಚಿಗೆ ಹೋಗಿ ಕೂತರು. ನನ್ನ ಹೆಸರನ್ನು ಮತ್ತೆ ಬರೆದರು. "ನನಗಿನ್ನು ಯಾವ ಅನುಮಾನವೂ ಇಲ್ಲ. ನಾಳೆ ಬೆಳಗ್ಗೆ ಸರಿಯಾಗಿ ಬಂದ್ಬಿಡಿ. ಒಂದು ದಿನವೂ ತಪ್ಪಿಸ್ಬೇಡಿ" ಎಂದು ಕೈ ಮುಗಿದರು.

ಸೀಟು ಸಿಕ್ಕಿತು! ಕುಣಿಯುವಷ್ಟು ಖುಷಿಯಾಯಿತು. ಅತ್ತೆಯನ್ನು ಹಿಡಿದು ಒಂದು ಸುತ್ತು ತಿರುಗಿಸಿಯೂಬಿಟ್ಟೆ. ಮುನಿಯಮ್ಮಜ್ಜಿಯಿಂದ, ಮೆಂಬರಿನಿಂದ, ಕೊನೆಗೆ ಸ್ವಂತ ಅತ್ತೆಯಿಂದಲೂ ಆಗದಿದ್ದ ಕೆಲಸ ಅದು. ನಾನು ನರ್ಸ್ ಅಲ್ಲ ಎಂಬುದನ್ನು ನಾನೊಬ್ಬಳೇ, ಒಂದೇ ಬೆರಳಿನಲ್ಲಿ, ಯಾರೂ ಎದುರು ಮಾತಾಡದ ಹಾಗೆ ಸಾಬೀತುಪಡಿಸಿಬಿಟ್ಟಿದ್ದೆ!